ದೇವರ ಪಾತ್ರೆ ತೊಳೆದ ನೀರು

"ಬುದ್ಧಿ, ಬೇಕೆಂದು ಮಾಡದ ಗಾಯ ತಾನಾಗಿಯೇ ಮಾಯ್ದಿದ್ದರೆ, ಅದನ್ನು ಮತ್ತೆ ಕೆದಕಬೇಕೇ?"

ಕೇಳಿದವನು ಮರುಳಯ್ಯ. ಮಠದಲ್ಲಿ ಓದುತ್ತಿದ್ದ ಶಿಷ್ಯರಲ್ಲಿ ಅವನೇ ಚುರುಕು. ಆ ಸಂಗತಿ ಅವನಿಗೂ ಗೊತ್ತಿತ್ತು. ಗುರುಗಳು ಜಗಲಿಯ ಮೇಲೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವರು ಪವಾಡ ಮಾಡುತ್ತಿರಲಿಲ್ಲ, ತಾಯಿತ ಕಟ್ಟುತ್ತಿರಲಿಲ್ಲ, ಬಂದವರಿಗೆ ಒಳ್ಳೆಯದಾಗುತ್ತದೆ ಎಂದು ಹೇಳಿ ಕಳಿಸುತ್ತಲೂ ಇರಲಿಲ್ಲ. ಆದ್ದರಿಂದ ಆ ಮಠಕ್ಕೆ ಭಕ್ತರು ಕಡಿಮೆ, ಅಕ್ಕಿಯಲ್ಲಿ ಕಲ್ಲು ಹೆಚ್ಚು.

"ಯಾರ ಗಾಯ?" ಎಂದರು ಗುರುಗಳು.

"ಗುರುಬಸವನದು."

ಗುರುಬಸವ ಅವನ ಜೊತೆಗಾರ, ಒಂದೇ ಕೋಣೆಯವನು. ಅವನಿಗೆ ಅಕ್ಷರ ಸರಿಯಾಗಿ ಹತ್ತಿರಲಿಲ್ಲ. ಬೇರೆಯವರು ಓದಿದ್ದನ್ನು ಕಿವಿಯಲ್ಲೇ ಹಿಡಿದು, ಬಾಯಿಪಾಠ ಮಾಡಿ, ಪುಸ್ತಕ ಬಿಚ್ಚಿ ಕುಳಿತು ಓದುವವನಂತೆ ಒಪ್ಪಿಸಿಬಿಡುತ್ತಿದ್ದ. ಈ ಗುಟ್ಟನ್ನು ಅವನು ಮರುಳಯ್ಯನೊಬ್ಬನಿಗೆ ಹೇಳಿಕೊಂಡಿದ್ದ. ರಾತ್ರಿ ಕೋಣೆಯಲ್ಲಿ ಅವನೊಬ್ಬನ ಎದುರು ಪುಸ್ತಕ ಬಿಚ್ಚಿ, ತಪ್ಪುತಪ್ಪಾಗಿ ಓದಿ ಕಲಿಯುತ್ತಿದ್ದ. ಒಂದು ದಿನ ಊಟದ ಪಂಕ್ತಿಯಲ್ಲಿ ಮಾತಿಗೆ ಮಾತು ಬೆಳೆದು, ಮರುಳಯ್ಯನ ಬಾಯಿಂದ ಒಂದು ತಮಾಷೆ ಹೊರಬಿತ್ತು: "ನಮ್ಮ ಗುರುಬಸವನ ಕೈಗೆ ಪುಸ್ತಕ ತಲೆಕೆಳಗಾಗಿ ಕೊಟ್ಟು ನೋಡಿ, ಆಗಲೂ ಒಂದಕ್ಷರ ತಪ್ಪದೆ ಓದುತ್ತಾನೆ!" ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಬಡಿಸುವವನು ಸಾರಿನ ಸೌಟು ಹಿಡಿದುಕೊಂಡೇ ನಕ್ಕ. ಗುರುಬಸವನೂ ನಕ್ಕ. ನಕ್ಕು, ಎಲೆ ಮಡಚಿ ಎದ್ದುಹೋದ.

"ಕೆಲವು ದಿನ ಮಾತು ಬಿಟ್ಟಿದ್ದ, ಬುದ್ಧಿ" ಎಂದ ಮರುಳಯ್ಯ. "ನಾನೂ ಆ ಸುದ್ದಿ ಎತ್ತಲಿಲ್ಲ. ಎತ್ತಿದರೆ ಇನ್ನಷ್ಟು ನೋವಾದೀತು ಅಂತ ಸುಮ್ಮನಿದ್ದೆ. ಈಗ ಅವನೇ ಮಾತಾಡಿಸುತ್ತಾನೆ. ನಗುತ್ತಾನೆ. ನನ್ನ ಚಾಪೆಯನ್ನೂ ಅವನೇ ಸುತ್ತಿಡುತ್ತಾನೆ. ಎಲ್ಲ ಮೊದಲಿನ ಹಾಗೇ ಆಗಿದೆ. ತಾವೂ ಒಂದು ಸಲ 'ಆಯಿತು, ಬಿಡು' ಅಂದುಬಿಟ್ಟರೆ ನನಗೆ ಸಮಾಧಾನ."

ಗುರುಗಳು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

"ಸಮಾಧಾನ ಬೇಕಿದ್ದರೆ ಪೇಟೆಯ ಮಠಕ್ಕೆ ಹೋಗು, ಅಲ್ಲಿ ಧಾರಾಳವಾಗಿ ಕೊಡುತ್ತಾರೆ. ನನ್ನ ಹತ್ತಿರ ಇರುವುದು ಕತೆ. ಕೂತುಕೋ."

ಮರುಳಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ವ್ಯಾಪಾರದಲ್ಲಿ ನ್ಯಾಯವಂತ, ಮನೆಯಲ್ಲಿ ದೈವಭಕ್ತ. ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ, ದನಿಯೆತ್ತಿದವನೂ ಅಲ್ಲ. ಅವನು ಒಳ್ಳೆಯವನು ಎಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ; ಅವನಿಗಂತೂ ಮೊದಲೇ ಇರಲಿಲ್ಲ.

ಅವನ ಹೆಂಡತಿಗೆ ತವರು ಎಂದರೆ ಒಬ್ಬ ಅಣ್ಣ, ಅಷ್ಟೇ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವನು ತಂಗಿಗೆ ಬಾಗಿನ ತರುತ್ತಿದ್ದ. ಒಂದು ವರ್ಷ ಬಾಗಿನದ ಮೊರದ ಜೊತೆಗೆ ಒಂದು ಮಣ್ಣಿನ ಕುಂಡವನ್ನೂ ಹೊತ್ತು ತಂದ. ಅದರಲ್ಲಿ ಮೊಳದುದ್ದದ ಒಂದು ಗುಲಾಬಿ ಗಿಡ. ತವರಿನ ಹಿತ್ತಿಲಲ್ಲಿ ಒಂದು ಕೆಂಪು ಗುಲಾಬಿ ಇತ್ತು. ಅವರ ತಾಯಿ ಬದುಕಿರುವಷ್ಟು ದಿನ ಮುಡಿದದ್ದು ಅದರ ಹೂವನ್ನೇ. ಅಣ್ಣ ಆ ಗಿಡದಿಂದ ಚಿಗುರೊಡೆಯುವ ಒಂದು ಕಣ್ಣನ್ನು ಬಿಡಿಸಿ, ಬೇಲಿಯಲ್ಲಿ ಬೆಳೆದಿದ್ದ ಕಾಡು ಗುಲಾಬಿಯ ಕಾಂಡವನ್ನು ಸೀಳಿ ಅದರಲ್ಲಿ ಕೂರಿಸಿ, ಬಾಳೆನಾರಿನಿಂದ ಬಿಗಿದು, ತನ್ನ ಕೈಯಾರೆ ಕಸಿ ಮಾಡಿದ್ದ.

"ಅಮ್ಮನ ಗಿಡ ನಾಜೂಕಿನದು. ಈ ಊರಿನ ಮಣ್ಣಲ್ಲಿ ತನ್ನ ಬೇರಿನ ಮೇಲೆ ನಿಲ್ಲುವುದಿಲ್ಲ" ಎಂದ ಅಣ್ಣ. "ಅದಕ್ಕೇ ಬೇಲಿಯ ಗಿಡಕ್ಕೆ ಕಟ್ಟಿದ್ದೇನೆ. ಬೇರು ನಿನ್ನ ಗಂಡನ ಮನೆಯವರ ಹಾಗೆ, ಎಲ್ಲಿಟ್ಟರೂ ಹಿಡಿದುಕೊಳ್ಳುತ್ತದೆ. ಹೂವು ಮಾತ್ರ ನಮ್ಮ ಮನೆಯದು, ತಿಳಿಯಿತೇ?"

ತಂಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ವರ್ತಕನೂ ನಕ್ಕ. ಹಬ್ಬದ ದಿನ ಹೆಂಡತಿಯ ಅಣ್ಣ ಆಡಿದ ಮಾತಿಗೆ ನಗದೆ ಇನ್ನೇನು ಮಾಡುವುದು?

ಮರುವರ್ಷದ ಹಬ್ಬಕ್ಕೆ ಅಣ್ಣ ಬರಲಿಲ್ಲ. ಜ್ವರ ಬಂದು ತೀರಿಕೊಂಡಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ತವರಿನ ಮನೆ ಪರರ ಪಾಲಾಯಿತು. ಕೊಂಡವರು ಹಿತ್ತಿಲನ್ನು ಅಗೆದು ಕೊಟ್ಟಿಗೆ ಕಟ್ಟಿದರು. ಆ ಕೆಂಪು ಗುಲಾಬಿ ಇನ್ನು ಉಳಿದದ್ದು ವರ್ತಕನ ಮನೆಯ ಒಳಂಗಳದ ತೊಟ್ಟಿಯಲ್ಲಿದ್ದ ಆ ಒಂದು ಕುಂಡದಲ್ಲಿ ಮಾತ್ರ.

ಗೌರಿ ಹಬ್ಬದ ದಿನ ಕೇರಿಯ ಹೆಂಗಸರ ಮನೆಗಳಿಗೆಲ್ಲ ಅಣ್ಣ ತಮ್ಮಂದಿರು ಬರುವರು. ಇವಳು ಗಿಡದಿಂದ ಒಂದು ಹೂವು ಬಿಡಿಸಿ, ಖಾಲಿ ಮೊರದಲ್ಲಿಟ್ಟು, ಆ ಮೊರಕ್ಕೆ ಕೈಮುಗಿಯುವಳು. ತವರಿನಿಂದ ಬಾಗಿನ ಬಂದಂತೆಯೇ ಲೆಕ್ಕ. ಅಂದು ಮಾತ್ರ ಅವಳು ಅತ್ತಿಗೆ ನಾದಿನಿಯರ ಎದುರು ಬರಿಗೈಯವಳಾಗಿ ಕಾಣುತ್ತಿರಲಿಲ್ಲ. ವರ್ಷಕ್ಕೊಂದು ಹೂವು ಸಾಕಾಗಿತ್ತು.

ಒಂದು ಬೇಸಗೆಯಲ್ಲಿ ವರ್ತಕನ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅವನ ಹೆಂಡತಿಯೇ ಹೋಗಬೇಕಾಯಿತು. ಹೊರಡುವಾಗ ಅವಳು ಮನೆಯ ಬಗ್ಗೆ ಏನೂ ಹೇಳಲಿಲ್ಲ, ಗಿಡದ ಬಗ್ಗೆ ಹೇಳಿದಳು.

"ದಿನಕ್ಕೆ ಒಂದು ಚೊಂಬು ಬಾವಿ ನೀರು. ಬೇರೆ ಏನೂ ಬೇಡ."

"ನಾನೇನು ಎಳೆಮಗುವೇ?" ಎಂದ ವರ್ತಕ.

ಹೆಂಡತಿಯಿಲ್ಲದ ಮನೆಯಲ್ಲಿ ದೇವರ ಕೆಲಸವೆಲ್ಲ ಅವನ ಪಾಲಿಗೆ ಬಂತು. ಅವನದನ್ನು ಶ್ರದ್ಧೆಯಿಂದಲೇ ಮಾಡಿದ. ಬೆಳಗಿನ ಹೊತ್ತು ತಾಮ್ರದ ತಂಬಿಗೆ, ಪಂಚಪಾತ್ರೆ, ಆರತಿ ತಟ್ಟೆಗಳನ್ನು ಹರಡಿಕೊಂಡು, ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ತಿಕ್ಕಿ, ಮುಖ ಕಾಣುವಷ್ಟು ಬೆಳಗಿದ. ಪಾತ್ರೆಯಲ್ಲಿ ಕಂಡ ಮುಖ ಅವನಿಗೆ ಹಿಡಿಸಿತು.

ಆಮೇಲೆ ಆ ತೊಳೆದ ನೀರು ಉಳಿಯಿತು. ಹೆಂಡತಿ ಅದನ್ನು ಎಲ್ಲಿ ಚೆಲ್ಲುತ್ತಿದ್ದಳೆಂದು ಅವನು ಎಂದೂ ನೋಡಿರಲಿಲ್ಲ. ಅವಳು ಬಚ್ಚಲಿಗೆ ಚೆಲ್ಲುತ್ತಿದ್ದಳು, ಎಲ್ಲ ಹೆಂಗಸರ ಹಾಗೆ. ಆದರೆ ಭಕ್ತನಾದ ವರ್ತಕನಿಗೆ ಅದು ಹೊಳೆಯುವುದು ಹೇಗೆ? ದೇವರ ಪಾತ್ರೆ ತೊಳೆದ ನೀರು ಬಚ್ಚಲಿಗೆ ಹೋಗಬಹುದೇ? ಬೀದಿಗೆ ಚೆಲ್ಲಿದರೆ ಜನ ತುಳಿಯುತ್ತಾರೆ. ಅಭಿಷೇಕದ ನೀರನ್ನು ಯಾರೂ ತುಳಿಯದ ಜಾಗಕ್ಕೆ, ಗಿಡದ ಬುಡಕ್ಕೆ, ಹಾಕುವುದನ್ನು ಅವನು ಚಿಕ್ಕಂದಿನಿಂದ ಕಂಡಿದ್ದ. ಇದೂ ದೇವರ ನೀರೇ ತಾನೆ ಎಂದುಕೊಂಡು ಗುಲಾಬಿಯ ಕುಂಡಕ್ಕೆ ಸುರಿದ. ಮರುದಿನವೂ ಸುರಿದ. ಬಾವಿಯಿಂದ ಸೇದುವ ಒಂದು ಚೊಂಬಿನ ಶ್ರಮವೂ ಉಳಿಯಿತು. ಭಕ್ತಿಯಲ್ಲಿ ಇಂಥ ಸಣ್ಣಪುಟ್ಟ ಅನುಕೂಲಗಳು ಇರುತ್ತವೆ.

ಎಲೆಗಳ ಅಂಚು ಕಂದಿತು. ಬಿಸಿಲು ಜೋರು ಎಂದುಕೊಂಡು ವರ್ತಕ ಅದೇ ನೀರನ್ನು ಇನ್ನಷ್ಟು ಹಾಕಿದ. ಎಲೆ ಉದುರಿತು. ಮೊಗ್ಗು ಕಪ್ಪಾಯಿತು. ಆಗ ಅವನಿಗೆ ಮೊದಲ ಬಾರಿ ಭಯವಾಯಿತು. ಕುಂಡವನ್ನು ನೆರಳಿಗೆ ಎಳೆದ, ಮತ್ತೆ ಬಿಸಿಲಿಗೆ ಎಳೆದ. ಅಂಗಡಿಯಲ್ಲಿ ಕುಳಿತು ಗಿರಾಕಿಗೆ ಬಟ್ಟೆ ಅಳೆಯುವಾಗ ಲೆಕ್ಕ ತಪ್ಪುವನು. ಅವಳು ಬರುವಷ್ಟರಲ್ಲಿ ಒಂದು ಚಿಗುರು, ಒಂದೇ ಒಂದು ಚಿಗುರು ಬರಲಿ ಎಂದು ದೇವರಿಗೆ ಹರಕೆ ಹೊತ್ತ. ದೇವರ ನೀರಿನಿಂದ ಸಾಯುತ್ತಿದ್ದ ಗಿಡವನ್ನು ಉಳಿಸಲು ದೇವರನ್ನೇ ಕೇಳಿದ.

ಹೆಂಡತಿ ಮರಳಿ ಬಂದಳು. ಕೈಗಂಟನ್ನು ಕೆಳಗಿಡುವ ಮೊದಲೇ ಕುಂಡದ ಮುಂದೆ ಕುಳಿತಳು. ಮಣ್ಣಿನ ಮೇಲೆ ಬಿಳಿ ಹೆಪ್ಪು ಕಟ್ಟಿತ್ತು. ಅದರ ನಡುವೆ ಹುಣಸೆ ನಾರು.

"ಇದಕ್ಕೆ ಏನು ಹಾಕಿದಿರಿ?"

"ನೀರು. ದೇವರ ನೀರು."

"ಯಾವ ದೇವರ ನೀರು?"

"ಪಾತ್ರೆ ತೊಳೆದದ್ದು."

"ಉಪ್ಪು ಹಾಕಿ ಬೆಳಗಿದಿರಾ?"

"ಉಪ್ಪಿಲ್ಲದೆ ತಾಮ್ರ ಹೊಳೆಯುತ್ತದೆಯೇ?" ಎಂದ ವರ್ತಕ. ಹೇಳುತ್ತಿದ್ದಂತೆ ಅವನಿಗೆ ತಿಳಿಯಿತು.

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಗಿಡವನ್ನು ಬೇರು ಸಮೇತ ಎತ್ತಿ, ಬೇರು ತೊಳೆದು, ಮಣ್ಣು ಬದಲಿಸಿದಳು. ದೇವರ ನೀರು ಬಿದ್ದ ಮಣ್ಣನ್ನು ಎಲ್ಲಿ ಸುರಿಯುತ್ತೀಯೆ ಎಂದು ಕೇಳಲು ಅವನ ಬಾಯಿಗೆ ಬಂದಿತ್ತು, ಕೇಳಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು.

ಎಲ್ಲ ಕೊಂಬೆಗಳೂ ಒಣಗಿದ್ದವು. ಒಂದರ ನಡುವೆ ಮಾತ್ರ ಗೇಣುದ್ದ ಇನ್ನೂ ಹಸಿರಿತ್ತು. ಅವಳು ಚಾಕು ತಂದಳು.

"ಇದನ್ನು ಕತ್ತರಿಸಿ ತೆಗೆಯುತ್ತೇನೆ. ಇದರ ಕಣ್ಣನ್ನು ಇವತ್ತೇ ಬೇರೊಂದು ಬುಡಕ್ಕೆ ಕೂರಿಸಿದರೆ ಉಳಿದರೂ ಉಳಿದೀತು. ಅಣ್ಣ ಮಾಡುವುದನ್ನು ನೋಡಿದ್ದೇನೆ."

ವರ್ತಕ ಅವಳ ಕೈ ಹಿಡಿದ.

"ಬದುಕುತ್ತಿರುವ ಗಿಡಕ್ಕೆ ಚಾಕು ಹಾಕುತ್ತಾರೆಯೇ? ಮಣ್ಣು ಬದಲಿಸಿದ್ದೀಯೆ, ಹರಕೆ ಹೊತ್ತಿದ್ದೇನೆ. ಇದ್ದ ಹಾಗೇ ಚಿಗುರುತ್ತದೆ, ನೋಡುತ್ತಿರು."

ಕತ್ತರಿಸಿದರೆ ಗಿಡ ಸತ್ತಿತೆಂದು ಒಪ್ಪಿದಂತೆ. ಸತ್ತಿತೆಂದು ಒಪ್ಪಿದರೆ ಮುಂದಿನ ಪ್ರಶ್ನೆ, ಕೊಂದವರು ಯಾರು? ಅಲ್ಲಿಯವರೆಗೆ ಹೋಗಲು ವರ್ತಕನಿಗೆ ಮನಸ್ಸಿರಲಿಲ್ಲ. ಗಿಡ ಬದುಕಿದರೆ ಏನೂ ಆಗಿಲ್ಲವೆಂದೇ ಅರ್ಥ. ಏನೂ ಆಗಿರಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು.

"ಬಿಡಿ ಕೈ. ಇವತ್ತು ಬಿಟ್ಟರೆ ನಾಳೆಗೆ ಇದೂ ಇರುವುದಿಲ್ಲ" ಎಂದಳು ಹೆಂಡತಿ.

"ನೀನು ಯಾವಾಗಲೂ ಕೆಟ್ಟದ್ದನ್ನೇ ನುಡಿಯುತ್ತೀಯೆ" ಎಂದು ವರ್ತಕ ಚಾಕು ಕಸಿದುಕೊಂಡು ಒಳಗಿಟ್ಟ. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ.

ಎರಡು ದಿನಕ್ಕೆ ಆ ಗೇಣುದ್ದದ ಹಸಿರೂ ಕಂದು ಬಣ್ಣಕ್ಕೆ ತಿರುಗಿತು. ಹೆಂಡತಿ ಕುಂಡದ ಮುಂದೆ ಕುಳಿತು ಅತ್ತಳು. ವರ್ತಕನಿಗೆ ಆ ಅಳು ಕೇಳಲಾಗಲಿಲ್ಲ.

"ಈಗಲೇ ಯಾಕೆ ಅಳುತ್ತೀಯೆ? ಬೇರಿನಲ್ಲಿ ಜೀವ ಇದೆ. ಬದುಕುವ ಗಿಡದ ಮುಂದೆ ಅಳಬಾರದು."

ಅಂದಿನಿಂದ ಅವಳು ಅವನೆದುರು ಅಳಲಿಲ್ಲ. ವರ್ತಕ ಅದನ್ನು ಒಳ್ಳೆಯ ಲಕ್ಷಣವೆಂದು ಎಣಿಸಿದ.

ಅವನು ಗಿಡವನ್ನು ಬಿಡಲಿಲ್ಲ. ನೆರೆಯವನೊಬ್ಬ ಸೆಗಣಿ ತಿಳಿ ಹಾಕು ಎಂದ, ಹಾಕಿದ. ಇನ್ನೊಬ್ಬ ಬೆಲ್ಲದ ನೀರು ಎಂದ, ಅದನ್ನೂ ಹಾಕಿದ. ಊರಿನ ಇರುವೆಗಳೆಲ್ಲ ತೊಟ್ಟಿಗೆ ಬಂದವು. ಜೋಯಿಸರು ದೃಷ್ಟಿಯಾಗಿದೆ ಎಂದು ಹಳೆಯ ಚಪ್ಪಲಿ ಕಟ್ಟಿಸಿದರು. ಒಣಗಿದ ಕಡ್ಡಿಗೆ ಯಾರ ದೃಷ್ಟಿ ತಾಗೀತು ಎಂದು ಯಾರೂ ಕೇಳಲಿಲ್ಲ. ಬೆಳಗಾದರೆ ವರ್ತಕ ಹೆಂಡತಿಯನ್ನು ಕರೆಯುವನು: "ಇವಳೇ, ಬಾ ಇಲ್ಲಿ, ಇದು ಕಣ್ಣು ಒಡೆಯುತ್ತಿರುವುದಲ್ಲವೇ ನೋಡು!" ಅವಳು ಬಂದು ನೋಡಿ, "ಅಲ್ಲ" ಎಂದು ಒಳಗೆ ಹೋಗುವಳು. ಸತ್ತದ್ದನ್ನು ದಿನವೂ ಒಮ್ಮೆ ತೋರಿಸುವ ಗಂಡ ಎಲ್ಲರಿಗೂ ಸಿಗುವುದಿಲ್ಲ.

ಮಳೆಗಾಲ ಹಿಡಿಯಿತು. ಒಂದು ಬೆಳಗ್ಗೆ ಬುಡದಲ್ಲಿ, ಮಣ್ಣಿಗೆ ತಾಗಿದಂತೆ, ಒಂದು ಚಿಗುರು ಕಾಣಿಸಿತು.

ಇಲ್ಲಿ ಮರುಳಯ್ಯ ತಡೆಯಲಾರದೆ, "ಚಿಗುರಿತಲ್ಲ, ಬುದ್ಧಿ!" ಎಂದ.

"ಚಿಗುರಿತು" ಎಂದರು ಗುರುಗಳು. "ನಿನ್ನಷ್ಟೇ ಅವನಿಗೂ ಸಂತೋಷವಾಯಿತು."

ವರ್ತಕ ಕೇರಿಗೆಲ್ಲ ಪೇಡೆ ಹಂಚಿದ. ಹರಕೆಯಂತೆ ದೇವರಿಗೆ ಈಡುಗಾಯಿ ಒಡೆಸಿದ. ಮನೆಗೆ ಬಂದವರನ್ನು ತೊಟ್ಟಿಗೆ ಕರೆದೊಯ್ದು, "ಇವಳು ಕಿತ್ತುಹಾಕಲು ಹೊರಟಿದ್ದಳು, ನಾನೇ ಬೇಡವೆಂದೆ" ಎಂದು ಹೇಳತೊಡಗಿದ. ಬಂದವರು ಅವನ ತಾಳ್ಮೆಯನ್ನು ಹೊಗಳಿದರು. ಹೆಂಡತಿ ಚಿಗುರನ್ನು ಬಗ್ಗಿ ನೋಡಿದಳು. ಅದು ಹೊರಟಿದ್ದ ಜಾಗವನ್ನು ನೋಡಿದಳು. ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ವರ್ತಕ.

ಆ ವರ್ಷದ ಗೌರಿ ಹಬ್ಬಕ್ಕೆ ಹೂವಿರಲಿಲ್ಲ. ಅವಳು ಮೊರವನ್ನು ಅಟ್ಟದಿಂದ ಇಳಿಸಲೇ ಇಲ್ಲ. "ಬರುವ ವರ್ಷ ನೋಡು" ಎಂದ ವರ್ತಕ. "ಹೂಂ" ಎಂದಳು ಹೆಂಡತಿ.

ಗಿಡ ಸೊಂಪಾಗಿ ಬೆಳೆಯಿತು. ಮೊದಲು ಎಂದೂ ಬೆಳೆಯದಷ್ಟು ಬೆಳೆಯಿತು. ಉದ್ದುದ್ದ ಬಳ್ಳಿಯಂತೆ ಹೊರಟು ಕಂಬವನ್ನು ತಬ್ಬಿತು, ಹೋಗಿಬರುವವರ ಪಂಚೆಗೆ ಮುಳ್ಳು ಸಿಕ್ಕಿಸಿತು. ಪಂಚೆ ಹರಿದವರಿಗೆ ವರ್ತಕ ಹೆಮ್ಮೆಯಿಂದ ಹೊಸದು ಕೊಟ್ಟ. ಇಷ್ಟು ಬೆಳೆದದ್ದಕ್ಕೆ ಹಿಂದೆ ಏನಾದರೂ ಆಗಿತ್ತೆಂದರೆ ಯಾರು ನಂಬುತ್ತಾರೆ? ಅವನೇ ಹೆಚ್ಚುಕಡಿಮೆ ನಂಬುವುದನ್ನು ಬಿಟ್ಟಿದ್ದ. ಒಳ್ಳೆಯದೇ ಆಯಿತು, ಉಪ್ಪಿನಿಂದ ಬೇರು ಗಟ್ಟಿಯಾಯಿತು ಎಂದು ಒಂದೆರಡು ಕಡೆ ಹೇಳಿಯೂ ಇದ್ದ.

ಮರುವರ್ಷ ಹಬ್ಬದ ಹೊತ್ತಿಗೆ ಗಿಡದಲ್ಲಿ ಮೊಗ್ಗು ಬಿಟ್ಟಿತು. ಗೌರಿಯ ದಿನ ವರ್ತಕ ಹೆಂಡತಿಗಿಂತ ಮೊದಲೇ ಮಿಂದು, ತಾನೇ ಅಟ್ಟದಿಂದ ಮೊರ ಇಳಿಸಿ, ಒರೆಸಿ, ಅರಿಸಿನ ಹಚ್ಚಿ, ಹೂವು ತರಲು ತೊಟ್ಟಿಗೆ ಹೋದ.

ಹೂವು ಅರಳಿತ್ತು. ಬೆರಳ ತುದಿಯಷ್ಟಗಲ, ಬಿಳಿ, ಗೊಂಚಲು ಗೊಂಚಲು. ಮೂಸಿದ. ವಾಸನೆಯಿರಲಿಲ್ಲ. ದಾರಿಬದಿಯ ಬೇಲಿಗಳಲ್ಲಿ ದನವೂ ತಿರುಗಿ ನೋಡದ ಹೂವು.

ಅವನು ಮೊರ ಹಿಡಿದುಕೊಂಡು ಅಲ್ಲೇ ನಿಂತ. ಹೆಂಡತಿ ಒಳಗಿನಿಂದ ಬಂದು ಅವನ ಹಿಂದೆ ನಿಂತಳು.

"ಇದೇನಿದು?" ಎಂದ ವರ್ತಕ.

"ಬೇಲಿಯ ಗುಲಾಬಿ. ಅಣ್ಣ ಬುಡಕ್ಕೆ ಹಾಕಿದ್ದು. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರಿದೆ."

"ನಮ್ಮ ಗಿಡ?"

"ಅದು ಅವತ್ತೇ ಹೋಯಿತು."

"ನಿನಗೆ ಯಾವಾಗ ಗೊತ್ತಾಯಿತು?"

"ಚಿಗುರು ಬಂದ ದಿನ."

"ಮತ್ತೆ ಹೇಳಲಿಲ್ಲ ಯಾಕೆ?"

"ನಿಮಗೆ ಬೇಕಾಗಿದ್ದದ್ದು ಹಸಿರು" ಎಂದಳು ಹೆಂಡತಿ. "ಬಂತಲ್ಲ."

ಅವಳು ಅವನ ಕೈಯಿಂದ ಮೊರ ತೆಗೆದುಕೊಂಡು ಒಳಗೆ ಹೋದಳು. ಒಬ್ಬಟ್ಟಿಗೆ ಬೇಳೆ ಬೆಂದಿತ್ತು, ಅದನ್ನು ಬಸಿಯಬೇಕಾಗಿತ್ತು.

ಗುರುಗಳು ಮತ್ತೆ ಅಕ್ಕಿಯ ಕಡೆ ತಿರುಗಿದರು.

"ಆಮೇಲೆ?" ಎಂದ ಮರುಳಯ್ಯ.

"ಆಮೇಲೇನು? ಅವಳು ಆ ಗಿಡಕ್ಕೂ ದಿನವೂ ಒಂದು ಚೊಂಬು ನೀರು ಹಾಕಿದಳು. ಅದರದೇನು ತಪ್ಪು? ಗಂಡನಿಗೆ ಹೊತ್ತುಹೊತ್ತಿಗೆ ಬಡಿಸಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆ ಮನೆಯಲ್ಲಿ ಮತ್ತೆ ಒಂದು ದಿನವೂ ಜಗಳವಾಗಲಿಲ್ಲ. ಗಂಡಹೆಂಡಿರೆಂದರೆ ಹೀಗಿರಬೇಕು ಎಂದು ಊರವರು ಮದುಮಕ್ಕಳನ್ನು ಅವರ ಮನೆಗೆ ನಮಸ್ಕಾರಕ್ಕೆ ಕಳಿಸುತ್ತಿದ್ದರು."

ಚುರುಕಾದ ಶಿಷ್ಯನಾದ್ದರಿಂದ ಮರುಳಯ್ಯನಿಗೆ ಕತೆಯಲ್ಲಿ ಒಂದು ಸಂದು ಸಿಕ್ಕಿತು.

"ಆದರೆ ಅದು ಗಿಡ, ಬುದ್ಧಿ. ಗುರುಬಸವ ಮನುಷ್ಯ. ಮನುಷ್ಯ ಮರೆಯುತ್ತಾನೆ. ಅವನು ತೋರಿಕೆಗೆ ನಗುತ್ತಿಲ್ಲ, ನಿಜವಾಗಿಯೇ ನಗುತ್ತಾನೆ. ನಿನ್ನೆಯೂ ನನ್ನ ಜೊತೆ ಕುಳಿತು ಎಷ್ಟೋ ಹೊತ್ತು ಮಾತಾಡಿದ. ಮಳೆಯ ವಿಚಾರ, ಮಠದ ಹಸುವಿನ ವಿಚಾರ, ಎಲ್ಲ."

ಗುರುಗಳು ಬುಟ್ಟಿಯಲ್ಲಿ ಅಕ್ಕಿ ತುಂಬಿಕೊಂಡು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಿರುಗಿ ಕೇಳಿದರು:

"ಈಗಲೂ ಗುರುಬಸವ ನಿನ್ನೆದುರಿಗೆ ಪುಸ್ತಕ ಬಿಚ್ಚಿ, ತಪ್ಪುತಪ್ಪಾಗಿ ಓದುತ್ತಾನೆಯೇ?"